ಎಂಟೆತ್ತಿನ ಪಾಠ

ಮಾಸ್ತರಕಿ ನನ್ನಿಂದ ಎಂದೂ ಆಗುವುದಿಲ್ಲ ಎಂದು ಹೇಳಿದವರು ನಮ್ಮ ದೊಡ್ಡಪ್ಪ. ಹೇಳಿದ್ದು ಮನೆಯ ಮೂಲೆಯಲ್ಲಲ್ಲ. ಹೊಲದಲ್ಲಿ, ಬೇವಿನ ಮರದ ಕೆಳಗೆ, ಬುತ್ತಿ ಬಿಚ್ಚಿಕೊಂಡು ಕುಳಿತ ಹತ್ತು ಮಂದಿಯ ಎದುರಿಗೆ. ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದರು, ಒಂದು ಚೂರು ಬಾಯಿಗೆ ಹಾಕಿಕೊಂಡರು, ಆಮೇಲೆ ಹೇಳಿದರು:

"ಎತ್ತು ಹೂಡಿ ಒಂದು ಸಾಲು ನೆಟ್ಟಗ ಹೊಡಿಯಾಕ ಬರದವ, ನಲವತ್ತು ಹುಡುಗೂರನ್ನ ಹೆಂಗ ಹೊಡೀತಾನು? ಇಂವಾ ಮಾಸ್ತರ ಆದಂದ್ರ ನಮ್ಮ ಎಮ್ಮಿ ಮಾಮಲೇದಾರ ಆತು!"

ಹತ್ತೂ ಮಂದಿ ನಕ್ಕರು. ಮರಕ್ಕೆ ಕಟ್ಟಿದ್ದ ಎಮ್ಮೆ ಅದೇ ಹೊತ್ತಿಗೆ ತಲೆಯೆತ್ತಿ ಒಮ್ಮೆ ಕೂಗಿತು. ತಾಲೂಕಿನ ಸಾಹೇಬನಾಗುವ ಆಸೆ ಅದಕ್ಕೂ ಇತ್ತೋ ಏನೋ.

ದೊಡ್ಡಪ್ಪನವರ ಮಾತಿಗೆ ಕಾರಣವಿತ್ತು, ಅದನ್ನು ಮುಚ್ಚಿಡುವುದಿಲ್ಲ. ನಮ್ಮೂರು ಬೈಲಹೊಂಗಲದಿಂದ ಎರಡು ಹರದಾರಿ. ಎರೆಭೂಮಿ. ಅಲ್ಲಿ ಕರಿಕೆ ಹುಲ್ಲು ಒಮ್ಮೆ ಬೇರುಬಿಟ್ಟಿತೆಂದರೆ ಸಾದಾ ರಂಟೆಗೆ ಬಗ್ಗುವುದಿಲ್ಲ. ಆಳಕ್ಕಿಳಿಯುವ ದೊಡ್ಡ ನೇಗಿಲೇ ಬೇಕು, ಆ ನೇಗಿಲನ್ನು ಎಳೆಯಲು ನಾಲ್ಕು ಜೋಡಿ ಎತ್ತು ಬೇಕು. ನಾಲ್ಕು ಜೋಡಿ ಒಂದೇ ಮನೆಯಲ್ಲಿ ಎಲ್ಲಿರಬೇಕು? ಅದಕ್ಕೇ ಮುಯ್ಯಿ. ಇವತ್ತು ನಿಮ್ಮ ಎತ್ತು ನಮ್ಮ ಹೊಲಕ್ಕೆ, ನಾಳೆ ನಮ್ಮ ಎತ್ತು ನಿಮ್ಮ ಹೊಲಕ್ಕೆ. ನಾಲ್ಕು ಮನೆಯ, ನಾಲ್ಕು ಸ್ವಭಾವದ ಜೋಡಿಗಳು ಒಂದರ ಹಿಂದೊಂದು ನಿಂತು ಒಂದೇ ಭಾರ ಎಳೆಯಬೇಕು.

ನನಗಾಗ ಹದಿನಾರು ವರ್ಷ. ಕಿತ್ತೂರ ಕಡೆಯಿಂದ ತಂದ ಎರಡು ಹೋರಿಗಳನ್ನು ನಾನೇ ಮೇಯಿಸಿ ಬೆಳೆಸಿದ್ದೆ. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಅವತ್ತು ದೊಡ್ಡಪ್ಪ ಬೀಗರ ಮನೆಗೆ ಹೋಗಿದ್ದರು, ಮುಯ್ಯಿಯ ಎತ್ತುಗಳು ಬಂದು ನಿಂತಿದ್ದವು. ಊರೆಲ್ಲ ನೋಡಲಿ ಎಂಬ ಹುರುಪಿನಲ್ಲಿ ನನ್ನ ಹೋರಿಗಳನ್ನು ಎಲ್ಲಕ್ಕಿಂತ ಮುಂದೆ ಕಟ್ಟಿದೆ. ಅರ್ಧ ಸಾಲು ಚೆನ್ನಾಗಿಯೇ ಹೋದವು. ಅಷ್ಟರಲ್ಲಿ ಪಕ್ಕದ ಹೊಲದ ಬಾವಿಯ ನೀರು ಅವುಗಳ ಕಣ್ಣಿಗೆ ಬಿತ್ತು. ಬದು ಹತ್ತಿದವು, ಇಳಿದವು. ಹಿಂದಿನ ಆರು ಎತ್ತು ಮಾತ್ರ ಬಹಳ ವಿಧೇಯ, ಮುಂದಿನವು ಹೋದತ್ತ ತಾವೂ ಹೋದವು. ಎತ್ತಿನ ಹಿಂದೆ ನೇಗಿಲು, ನೇಗಿಲಿನ ಹಿಂದೆ ನಾನು. ಪಕ್ಕದ ಹೊಲದ ಕಾಕಿ ಸೆರಗು ಕಟ್ಟಿಕೊಂಡು ಓಡಿ ಬಂದಳು.

"ಅಯ್ಯ ನಿನ್ನ ಕೈ ಸೇದಲಿ! ನಾ ಮೆಣಸಿನಗಿಡಾ ಹಾಕೇನೋ, ಕರಿಕಿ ಅಲ್ಲೋ!"

ಮೆಣಸಿನ ತೋಟದ ನಡುವೆ ಹಾವು ಹರಿದಂಥ ಒಂದು ಸಾಲು. ಅದನ್ನು ನೋಡಲು ಎರಡು ದಿನ ಜನ ಬಂದರು. ದೊಡ್ಡಪ್ಪನವರೂ ತಿರುಗಿ ಬಂದು ನೋಡಿ ಒಂದೇ ಮಾತು ಹೇಳಿದರು: "ಇನ್ನ ನನ್ನ ಜೀವ ಇರೂತನಕ ಮುಂದಿನ ಜೋಡಿ ನಿನ್ನ ಕೈಯಾಗ ಕೊಡಂಗಿಲ್ಲ." ಅಂದಿನಿಂದ ನನ್ನ ಕೆಲಸ ನೇಗಿಲಿನ ಹಿಂದೆ ನಡೆದು, ಅದು ಎಬ್ಬಿಸಿದ ಮಣ್ಣಿನ ಹೆಂಟೆ ಒಡೆಯುವುದು.

ಹೆಂಟೆ ಒಡೆಯುತ್ತಲೇ ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದೆ. ನಮ್ಮ ಮನೆತನದಲ್ಲಿ ಅಕ್ಷರ ಕಂಡವನು ನಾನೇ ಮೊದಲು. ಮುಂದೆ ಧಾರವಾಡಕ್ಕೆ ಹೋಗಿ ಮಾಸ್ತರಕಿಯ ಟ್ರೇನಿಂಗ್ ಮುಗಿಸುತ್ತೇನೆ ಎಂದಾಗಲೇ ಎಮ್ಮೆ ಮಾಮಲೇದಾರನಾದದ್ದು. ಅಪ್ಪ ತಮ್ಮ ಅಣ್ಣನ ಎದುರು ಬಾಯಿ ತೆರೆಯುವವರಲ್ಲ. ಬಾಯಿ ತೆರೆದವಳು ಅವ್ವ. ಸಂಜೆ ಬಾಗಿಲ ಹಿಂದೆ ನಿಂತು, ಸೆರಗು ಮುಂದೆ ಎಳೆದುಕೊಂಡು ಹೇಳಿದಳು: "ಕಳಿಸ್ರಿ ಬಾವಾರ. ಹೆಂಟಿ ಒಡಿಯಾಕ ಯಾರರೆ ಸಿಗತಾರು. ಪುಸ್ತಕಾ ಓದವರು ಈ ಮನ್ಯಾಗ ಇಂವಾ ಒಬ್ಬನ ಅದಾನು."

ದೊಡ್ಡಪ್ಪ ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚಿದರು. "ಹೋಗಲಿ. ಆದ್ರ ಮಾಸ್ತರಕಿ ಕಾಗದ ಕೈಗೆ ಬರಲಿಲ್ಲಂದ್ರ ತಿರುಗಿ ಬಂದು ಹೆಂಟಿ ಒಡೀಬೇಕು. ಮತ್ತ ಸಾಲಿ ಅಂತ ಉಸರ ಎತ್ತಬಾರದು."

ಒಪ್ಪಿದೆ. ಧಾರವಾಡದಲ್ಲಿ ಎರಡು ವರ್ಷ ನನ್ನ ಕೈಯಿಂದಲೇ ರೊಟ್ಟಿ ಬಡಿದುಕೊಂಡು ಓದಿದೆ. ಮೊದಲ ತಿಂಗಳ ರೊಟ್ಟಿಗಳು ಬೆಳಗಾವಿ ಜಿಲ್ಲೆಯ ನಕಾಶೆಯಂತೆ ಇರುತ್ತಿದ್ದವು. ಎರಡನೆಯ ವರ್ಷದ ಹೊತ್ತಿಗೆ ಚಂದ್ರನಾದವು, ನಾನೂ ಪಾಸಾದೆ. ಆದರೆ ಕಾಗದ ಕೈಗೆ ಬರಲಿಲ್ಲ. ಇನ್ನೊಂದು ವರ್ಷ ಒಂದು ವರ್ಗ ನಡೆಸಬೇಕು, ಶಾಲೆಗಳ ತಪಾಸಣೆಯ ಡೆಪ್ಯುಟಿ ಸಾಹೇಬರು ಬಂದು ಪಾಠ ನೋಡಿ ಸೈ ಎನ್ನಬೇಕು, ಆಮೇಲೆಯೇ ಸರ್ಟಿಫಿಕೇಟು. ಸೈ ಎನ್ನದಿದ್ದರೆ ಹೆಂಟೆ.

ಮುನವಳ್ಳಿಯಲ್ಲಿ ಮೂರನೇ ಇಯತ್ತೆಯ ವರ್ಗ ಕೊಟ್ಟರು. ನಲವತ್ತು ಹುಡುಗರು, ಎಲ್ಲರೂ ಒಕ್ಕಲ ಮಕ್ಕಳು. ಲೆಕ್ಕ ಹಾಕಿದವರಂತೆ ದೊಡ್ಡಪ್ಪ ನಲವತ್ತು ಎಂದದ್ದು ಹೇಗೋ ನನಗೆ ಇಂದಿಗೂ ತಿಳಿಯದು.

ಎಲ್ಲರಂತೆ ನಾನೂ ಶಾಣ್ಯಾರನ್ನು ಮುಂದೆ, ಕಿಡಿಗೇಡಿಗಳನ್ನು ಹಿಂದೆ ಕೂಡಿಸಿದೆ. ಕೈಯಲ್ಲಿ ಬೆತ್ತ ಹಿಡಿದೆ. ಕೂಗಿದೆ. ನಾನು ಕೂಗಿದಷ್ಟೂ ಅವರು ಕೂಗಿದರು. ಹಿಂದಿನ ಸಾಲಿನ ನಾಲ್ವರು ಒಂದು ದಿನ ನನ್ನ ರುಮಾಲಿನಲ್ಲಿ ಓತಿಕ್ಯಾತ ಇಟ್ಟರು. ನಾನು ತಿಳಿಯದೆ ರುಮಾಲನ್ನು ತಲೆಗೆ ಸುತ್ತಿಕೊಂಡೇ ಮಗ್ಗಿ ಹೇಳಿಸಿದೆ. 'ಏಳೊಂದ್ಲಿ ಏಳು' ಎನ್ನುವಾಗ ಓತಿಕ್ಯಾತ ಹಣೆಯ ಮೇಲೆ ಇಳಿದು ಬಂದು ಹುಡುಗರತ್ತ ಗೋಣು ಅಲ್ಲಾಡಿಸಿತು.

ಹೆಡ್ ಮಾಸ್ತರರು ಸಮಾಧಾನಿ. ಅವರೇ ಒಂದು ದಿನ ಕರೆದು ಹೇಳಿದರು: "ಮಾಸ್ತರ, ನಿಮ್ಮ ವರ್ಗದ ಗದ್ದಲಾ ಮಲಪ್ರಭಾ ದಾಟಿ ಹೋಗಾಕ ಹತ್ತೇತ್ರಿ. ಸಾಹೇಬರು ದಸರಾ ಮುಂದ ಬರತಾರು, ಹುಡುಗೂರು ಮ್ಯಾಲಿನ ಇಯತ್ತೆಗೆ ಹೋಗೋದೂ ಅವರು ನೋಡಿದ ಮ್ಯಾಲನ. ಏನರೆ ಮಾಡ್ರಿ."

ಏನು ಮಾಡುವುದೆಂದು ತಿಳಿಯದೆ ಬೇಸಿಗೆ ಸೂಟಿಗೆ ಊರಿಗೆ ಹೋದೆ. ಹೊಲದಲ್ಲಿ ದೊಡ್ಡ ನೇಗಿಲು ನಡೆದಿತ್ತು. ನಾನು ಹಳೇ ರೂಢಿಯಂತೆ ಹಿಂದೆ ನಿಂತೆ. ಎಂಟೆತ್ತು ಸುಮ್ಮನೆ ಎಳೆಯುತ್ತಿದ್ದವು. ದೊಡ್ಡಪ್ಪ ಕೂಗುತ್ತಿರಲಿಲ್ಲ. ಬಾರಕೋಲು ಹೆಗಲ ಮೇಲೆ ಮಲಗಿತ್ತು. ನನ್ನ ಆ ಎರಡು ಹೋರಿಗಳು, ಈಗ ದೊಡ್ಡವಾಗಿದ್ದರೂ ಬುದ್ಧಿ ಬೆಳೆದಿರಲಿಲ್ಲ, ನಟ್ಟನಡುವೆ ಕೊಸರಾಡುತ್ತಲೇ ಮುಂದೆ ಹೋಗುತ್ತಿದ್ದವು. ಆ ಹೊಲದಲ್ಲಿ ಅಷ್ಟು ವರ್ಷ ನಡೆದರೂ ನನಗೆ ಕೇಳಬೇಕೆನಿಸದ ಪ್ರಶ್ನೆ ಅವತ್ತು ಬಾಯಿಗೆ ಬಂತು.

"ದೊಡ್ಡಪ್ಪಾರ, ಈ ಕೊಸರಾಡೋ ಜೋಡೀನ ನಡುವ ಯಾಕ ಕಟ್ಟೀರಿ? ಹಿಂದ ಕಟ್ಟಿದ್ರ ಏನಾಕ್ಕೈತ್ರಿ?"

"ಹಿಂದ ಕಟ್ಟಿದ್ರ ನೇಗಿಲಾ ಮುರೀತಾವು. ಮುಂದ ಕಟ್ಟಿದ್ರ..." ಎಂದು ಪಕ್ಕದ ಮೆಣಸಿನ ಹೊಲದ ಕಡೆ ನೋಡಿದರು. "ಅದು ನಿನಗ ಗೊತ್ತೈತಿ. ಮುಂದ ದಾರಿ ಬಲ್ಲವು, ಹಿಂದ ಭಾರ ಹೊರವು. ನಡುವಿನವು ಕುಣದ್ರೂ ಮುಂದಕ್ಕನ ಕುಣೀಬೇಕು."

"ಮತ್ತ ಬಾರಕೋಲು?"

"ನೊಣಾ ಹೊಡಿಯಾಕ."

"ಸಾಲು ನೆಟ್ಟಗ ಹೆಂಗ ಬರತೈತ್ರಿ?"

"ಎತ್ತಿನ ಬಾಲಾ ನೋಡಕೋತ ಹೋಗಬ್ಯಾಡ. ಆಚಿ ಬದುವಿನ ಬೇವಿನಗಿಡಾ ನೋಡು. ಬದು ಮುಟ್ಟಿದ ಮ್ಯಾಲ ನಿಲ್ಲಸು, ಎತ್ತಿಗೂ ಉಸರು ಐತಿ." ಆಮೇಲೆ ಹುಬ್ಬು ಏರಿಸಿದರು. "ಯಾಕಲೇ? ಮಾಸ್ತರಕಿ ಬಿಟ್ಟು ಒಕ್ಕಲತನಾ ಕಲಿಯಾಕ ಹತ್ತೀಯೇನು?"

ನನಗೆ ಆ ಬಿಸಿಲಿನಲ್ಲಿ ಕುಣಿಯಬೇಕೆನಿಸಿತು. ನಿಜ ಹೇಳುತ್ತೇನೆ, ಒಂದು ಹೆಂಟೆಯ ಮೇಲಿಂದ ಇನ್ನೊಂದಕ್ಕೆ ಜಿಗಿದೆ. ಧಾರವಾಡದಲ್ಲಿ ಎರಡು ವರ್ಷ ಬರೆದುಕೊಂಡ ವಹಿಗಳಲ್ಲಿ ಇಲ್ಲದ್ದು ನಮ್ಮ ಹೊಲದಲ್ಲೇ ಇತ್ತು, ನಾನು ಅದರ ಹಿಂದೆಯೇ ಇಷ್ಟು ವರ್ಷ ನಡೆದಿದ್ದೆ.

ಸೂಟಿ ಮುಗಿದು ಮುನವಳ್ಳಿಗೆ ಹೋದವನೇ ವರ್ಗವನ್ನು ಎತ್ತಿನಂತೆ ಹೂಡಿದೆ. ಗಂಭೀರ ಸ್ವಭಾವದ ಹುಡುಗರು ಮುಂದೆ. ಓದಿನಲ್ಲಿ ಗಟ್ಟಿಗರು ಹಿಂದೆ. ಓತಿಕ್ಯಾತದ ನಾಲ್ವರು ನಡುವೆ. ಮೊದಲ ವಾರ ಹಿಂದಿನ ಗಟ್ಟಿಗರು ಕೆಲಸವಿಲ್ಲದೆ ನಿದ್ದೆ ಹೊಡೆದರು. ಭಾರ ಇಲ್ಲದ ನೇಗಿಲಿಗೆ ಬಲಿಷ್ಠ ಎತ್ತು ಕಟ್ಟಿದ್ದೆ, ತಪ್ಪು ನನ್ನದೇ. ಒಬ್ಬೊಬ್ಬ ಗಟ್ಟಿಗನಿಗೆ ಇಬ್ಬಿಬ್ಬರ ಪಾಟಿ ತಿದ್ದುವ ಕೆಲಸ ಕೊಟ್ಟೆ. ನಿದ್ದೆ ಹಾರಿತು. ಬೆತ್ತವನ್ನು ಮೂಲೆಗಿಟ್ಟೆ. ನೊಣ ಬಂದಾಗ ಮಾತ್ರ ಎತ್ತುತ್ತಿದ್ದೆ, ನಿಜವಾದ ನೊಣಕ್ಕೇ. ಎತ್ತುಗಳಿಗೆ ಬದುವಿನಲ್ಲಿ ಉಸಿರು ಕೊಡುವಂತೆ ಪ್ರತಿ ಪಾಠ ಮುಗಿದಾಗ ಸ್ವಲ್ಪ ಹೊತ್ತು ಗಲಾಟೆಗೆ ಅಪ್ಪಣೆ. ನಾಳೆಯ ಪಾಠವನ್ನು ಇವತ್ತೇ ಸಂಜೆ ಓದಿಡುವುದು. ನಮ್ಮ ಮನೆಯಲ್ಲಿ ನಾಳೆಯ ಹಗ್ಗವನ್ನು ಇವತ್ತೇ ಎಳೆದು ನೋಡುತ್ತಾರೆ. ಇನ್ನು ನಾನು ಒಬ್ಬೊಬ್ಬನ ಮುಖ ನೋಡಿ ಹೆದರುವುದನ್ನು ಬಿಟ್ಟೆ. ಈ ತಿಂಗಳ ಕೊನೆಗೆ ಎಲ್ಲಿ ಮುಟ್ಟಬೇಕೋ ಅದೇ ನನ್ನ ಬೇವಿನಗಿಡ. ಎಲ್ಲವೂ ಒಮ್ಮೆಲೇ ಸರಿಹೋಗಲಿಲ್ಲ. ಆದರೆ ಗದ್ದಲ ಹೊಳೆ ದಾಟುವುದು ನಿಂತಿತು. ನಡುವಿನ ನಾಲ್ವರು ಕುಣಿಯುತ್ತಲೇ ಭಾಗಾಕಾರ ಕಲಿತರು.

ದಸರೆಯ ಮುಂಚೆ ಡೆಪ್ಯುಟಿ ಸಾಹೇಬರು ಬಂದರು. ಕರೀ ಕೋಟು, ಕೆಂಪು ರುಮಾಲು, ಮೂಗಿನ ತುದಿಗೆ ಚಾಳೀಸು. ನಾನು ರಾಮದುರ್ಗದ ಹೊಸ ಧೋತರ ಉಟ್ಟಿದ್ದೆ, ಅದರ ಗಂಜಿ ಇನ್ನೂ ಬಿಟ್ಟಿರಲಿಲ್ಲ, ಹೆಜ್ಜೆ ಇಟ್ಟಾಗಲೆಲ್ಲ ಸಪ್ಪಳ. ಲೆಕ್ಕ ಚೆನ್ನಾಗಿ ಹೋಯಿತು. ಓದೂ ಹೋಯಿತು. ನನಗೆ ಬೇವಿನಗಿಡ ಕಾಣತೊಡಗಿತ್ತು. ಆಗ ಸಾಹೇಬರು ಅಂದರು: "ಮಾಸ್ತರ, ಈಗ ನಕಾಶೆ ಮ್ಯಾಲ ಪಾಠ ಮಾಡ್ರಿ."

ಎದುರಿನ ಗೋಡೆ ಮಳೆಗೆ ಸೋರುತ್ತಿದ್ದುದರಿಂದ ನಕಾಶೆಯನ್ನು ಹುಡುಗರ ಬೆನ್ನ ಹಿಂದಿನ ಗೋಡೆಗೆ ತೂಗಿದ್ದೆ. ನಲವತ್ತು ಜನ ಹಿಂದಕ್ಕೆ ತಿರುಗಬೇಕು. ಆ ಅಭ್ಯಾಸ ಮಾಡಿಸಿರಲಿಲ್ಲ. ಮುಂದಿನವರು ಹಿಂದಿನವರಾಗುತ್ತಾರೆ, ಹೂಡಿದ್ದೆಲ್ಲ ಅಡಿಮೇಲು! ಹೆಂಟೆಗಳು ಕಣ್ಣ ಮುಂದೆ ಬಂದವು. ಬಾಯಿ ತೆರೆದೆ. ಧಾರವಾಡದಲ್ಲಿ ಕಲಿತ ಒಂದು ಶಬ್ದವೂ ಬರಲಿಲ್ಲ. ಬಂದದ್ದು ಬದುವಿನಲ್ಲಿ ಎತ್ತು ತಿರುಗಿಸುವ ಕೂಗು, ಹೊಟ್ಟೆಯೊಳಗಿಂದ, ಪೂರ್ತಿ ಎತ್ತರದಲ್ಲಿ:

"ಹೋss ಹೋss! ಹೊಳ್ಳss ಹೊಳ್ಳ!"

ನಲವತ್ತು ಹುಡುಗರು ಒಟ್ಟಿಗೆ ಎದ್ದರು. ಒಕ್ಕಲ ಮಕ್ಕಳಲ್ಲವೇ, ಆ ಕೂಗಿನ ಅರ್ಥ ಹಾಲು ಕುಡಿಯುವಾಗಲೇ ಗೊತ್ತು. ಬದುವಿನಲ್ಲಿ ಎತ್ತಿನ ಸಾಲು ತಿರುಗುವಂತೆ, ಮುಂದಿನ ಸಾಲು ಗೋಡೆಯ ಬದಿಯಿಂದ ಬಳಸಿಕೊಂಡು ನಡೆಯಿತು, ಅದರ ಹಿಂದೆ ನಡುವಿನದು, ಅದರ ಹಿಂದೆ ಗಟ್ಟಿಗರು. ಒಬ್ಬನ ಪಾಟಿಯೂ ಬೀಳಲಿಲ್ಲ. ನಕಾಶೆಯ ಎದುರು, ಮುಂದಿನವರು ಮುಂದೆಯೇ, ಹಿಂದಿನವರು ಹಿಂದೆಯೇ, ಎಲ್ಲರೂ ಕುಳಿತರು. ಓತಿಕ್ಯಾತದ ನಾಲ್ವರ ಪೈಕಿ ಒಬ್ಬ ಮಾತ್ರ ಕೂರುವ ಮುಂಚೆ ಗೋಣು ಅಲ್ಲಾಡಿಸಿ ಬಾಯಲ್ಲೇ ಗೆಜ್ಜೆಯ ಸದ್ದು ಮಾಡಿದ.

ಹೆಡ್ ಮಾಸ್ತರರು ಹೆಗಲ ಉಪರಣೆಯಿಂದ ಬಾಯಿ ಮುಚ್ಚಿಕೊಂಡರು. ಸಾಹೇಬರು ಚಾಳೀಸು ತೆಗೆದರು.

"ಮಾಸ್ತರ, ಇದು ಯಾವ ಪುಸ್ತಕದಾಗಿನ ಪದ್ಧತಿ?"

ಸುಳ್ಳು ಹೊಳೆಯಲಿಲ್ಲ. "ಪುಸ್ತಕದ್ದಲ್ರಿ ಸಾಹೇಬರ. ನಮ್ಮ ದೊಡ್ಡಪ್ಪನ ಎಂಟೆತ್ತಿನ ನೇಗಿಲದ್ರಿ."

"ಹೌದೇನು? ಕೂಡ್ರಿ, ಹೇಳ್ರಿ."

ಮುಂದೆ ಯಾರು, ನಡುವೆ ಯಾರು, ಹಿಂದೆ ಯಾರು, ಎಲ್ಲ ಹೇಳಿದೆ. ಮೆಣಸಿನ ಹೊಲದ್ದೂ ಹೇಳಿದೆ. ಸಾಹೇಬರು ಕಣ್ಣೀರು ಬರುವಷ್ಟು ನಕ್ಕರು. ಏಳುವಾಗ ಮಾತ್ರ ನಗೆ ನಿಲ್ಲಿಸಿ, "ನಮ್ಮ ಕಚೇರಿಯಾಗೂ ಇಬ್ಬರನ್ನ ನಡುವ ಕಟ್ಟೋದು ಐತಿ," ಎಂದು ತಮ್ಮಷ್ಟಕ್ಕೆ ಎಂಬಂತೆ ಅಂದು ಹೋದರು.

ಹೋಳಿ ಹತ್ತಿರ ಬಂದಾಗ ಸವದತ್ತಿಯ ಕಚೇರಿಗೆ ಬರಹೇಳಿ ಸಾಹೇಬರ ಪತ್ರ ಬಂತು. ಎಂಟೆತ್ತಿನ ಪಾಠದ ಕತೆಯನ್ನೂ ಸೇರಿಸಿ ಊರಿಗೆ ಸುದ್ದಿ ಕಳಿಸಿದೆ. ದೊಡ್ಡಪ್ಪ ಚಕ್ಕಡಿ ಕಟ್ಟಿಕೊಂಡು ಒಂದು ದಿನದ ದಾರಿ ಬಂದು, ಸೀದಾ ಕಚೇರಿಯ ಕಟ್ಟೆ ಹತ್ತಿದರು. ಬಾಗಿಲು ಕಾಯುವ ಪಟ್ಟೇವಾಲಾ ತಡೆದ.

"ಯಜಮಾನ್ರ, ಬಾರಕೋಲು ಹೊರಗ ಇಟ್ಟು ಬರ್ರಿ."

"ಇದು ಯಾರನ್ನೂ ಹೊಡಿಯಾಕಲ್ಲೋ ತಮ್ಮಾ, ನೊಣಾ ಹೊಡಿಯಾಕ," ಎಂದು ಒಳಗೇ ಬಂದುಬಿಟ್ಟರು.

ಸಾಹೇಬರು ಎದ್ದು ನಿಂತು ಕಾಗದವನ್ನು ನನ್ನ ಕೈಗೆ ಕೊಟ್ಟರು. ಅದನ್ನು ಹಾಗೇ ದೊಡ್ಡಪ್ಪನವರತ್ತ ಚಾಚಿದೆ. ಅವರು ಮೊದಲು ಎರಡೂ ಅಂಗೈಗಳನ್ನು ಧೋತರಕ್ಕೆ ಒರೆಸಿಕೊಂಡರು. ಹಿಡಿದು ನೋಡಿದರು, ತಿರುವಿ ಹಿಂಬದಿ ನೋಡಿದರು.

"ಇದರಾಗ ಎತ್ತಿನ ಸುದ್ದಿ ಎಲ್ಲಿ ಬರದಾರು?"

"ಎತ್ತಿನ ಸುದ್ದಿ ಬರದಿಲ್ರಿ ದೊಡ್ಡಪ್ಪಾರ."

"ಇರಲಿ ಬಿಡು. ನಮ್ಮ ಎಮ್ಮಿ ಮಾಮಲೇದಾರಗ ರುಮಾಲು ತರಬೇಕಾತು." ಕಾಗದವನ್ನು ನನ್ನ ಕೈಗಿತ್ತು ಬಾಗಿಲ ಕಡೆ ತಿರುಗಿದವರು, ತಿರುಗಿದಲ್ಲೇ ನಿಂತು ಹೇಳಿದರು: "ನಾಡಿದ್ದ ದೊಡ್ಡ ನೇಗಿಲಾ ಹೂಡತೇವಿ. ಸೂಟಿ ಕೇಳಕೊಂಡು ಬಾ. ಮುಂದಿನ ಜೋಡಿ ನೀ ಹಿಡಿ."