ಹಾಡಿನ ಮೇಲೆ ಹೊರಿಸಿದ ತಪ್ಪು

ನಾನು ಕೆಲಸದಲ್ಲಿ ನಿಜವಾಗಿ ಮುಳುಗಿದ್ದೇನೆಯೋ ಅಥವಾ ಮುಳುಗಿದಂತೆ ನಟಿಸುತ್ತಿದ್ದೇನೆಯೋ ಎಂಬುದನ್ನು ಪತ್ತೆ ಹಚ್ಚುವ ಉಪಾಯ ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಮುಳುಗಿದ್ದರೆ ಗುನುಗುತ್ತೇನೆ. ಗುನುಗುವುದು ಭಾವಗೀತೆಯಾಗಿದ್ದರೆ ಮರ್ಯಾದೆ ಉಳಿಯುತ್ತಿತ್ತು. ವಚನವಾಗಿದ್ದರೆ ನಾಲ್ಕು ಜನರ ಗೌರವವೂ ಸಿಗುತ್ತಿತ್ತೇನೋ. ಆದರೆ ನನ್ನ ಬಾಯಿಂದ ಹೊರಡುವುದು ದ್ರಾಕ್ಷಿ ಬಳ್ಳಿಯ ಬೂದಿ ರೋಗಕ್ಕೆ ಔಷಧ ಮಾರುವ ಒಂದು ಜಾಹೀರಾತಿನ ರಾಗ. ವಿಜಯಪುರದ ಒಂದು ಕಚೇರಿಯಲ್ಲಿ ಜನನ-ಮರಣದ ಅರ್ಜಿಗಳನ್ನು ನೋಡುವ ಮೇಜು ನನ್ನದು. ಮರಣ ಪ್ರಮಾಣಪತ್ರಕ್ಕೆ ಬಂದ ಹಿರಿಯರೊಬ್ಬರ ಎದುರಿಗೇ ಒಮ್ಮೆ ಈ ರಾಗ ತಾನಾಗಿ ಹೊರಬಿದ್ದು, ಅವರು ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಿ ನನ್ನನ್ನು ನೋಡಿದ ನೋಟ ನೆನಪಾದರೆ ಇಂದಿಗೂ ಕುರ್ಚಿಯಲ್ಲಿ ಕುಗ್ಗುತ್ತೇನೆ.

ಹಾಡು ಹಚ್ಚಿಕೊಂಡು ಓದಿದರೆ ಓದು ತಲೆಗೆ ಹತ್ತುತ್ತದೆಯೇ ಎಂದು ಬಲ್ಲವರು ವಾದಿಸುತ್ತಾರೆ. ಹತ್ತುವುದಿಲ್ಲ ಎನ್ನುವವರ ಮನೆಯಲ್ಲಿ ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಇರುತ್ತದೆ ಎಂಬುದು ನನ್ನ ಗುಮಾನಿ. ನಿಶ್ಶಬ್ದವೂ ಒಂದು ಆಸ್ತಿ. ಕೆಲವು ಮನೆಗಳಲ್ಲಿ ಅದು ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ಬಿಜ್ಜರಗಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಆ ಆಸ್ತಿ ಇರಲಿಲ್ಲ. ಆಡು ಒದರುತ್ತಿದ್ದವು, ಅಪ್ಪ ಕೆಮ್ಮುತ್ತಿದ್ದ, ಪಕ್ಕದ ಮನೆಯ ಟಿವಿ ಗೋಡೆ ದಾಟಿ ಬಂದು ನಮ್ಮಲ್ಲೇ ಊಟ ಮಾಡುತ್ತಿತ್ತು. ನಾನು ಕಾಲೇಜಿನ ಗ್ರಂಥಾಲಯದಲ್ಲಿ ಮೊದಲ ಸಲ ನಿಶ್ಶಬ್ದವನ್ನು ಕಂಡಾಗ ಅದು ಎಷ್ಟು ಅಪರಿಚಿತವಾಗಿತ್ತೆಂದರೆ, ಅರ್ಧ ತಾಸು ನನ್ನ ಹೊಟ್ಟೆ ಗುರುಗುಟ್ಟುವುದನ್ನು ಕೇಳುತ್ತ ಕುಳಿತು, ಪುಸ್ತಕ ಮುಚ್ಚಿ ಬಸ್ಸು ಹಿಡಿದೆ.

ಬಸ್ಸು ಇಳಿದು ನಾನು ಹೋಗುತ್ತಿದ್ದದ್ದು ಮಣೂಕದ ಶೆಡ್ಡಿಗೆ. ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಅನ್ನುತ್ತೇವೆ. ಹಸಿರು ಪರದೆ ಕಟ್ಟಿದ ಶೆಡ್ಡಿನಲ್ಲಿ ತಾಡಪತ್ರಿಯ ಮೇಲೆ ಹತ್ತು ಹೆಂಗಸರು ಎರಡು ಸಾಲಾಗಿ ಕುಳಿತು ಒಣಗಿದ ಕಾಳಿನಿಂದ ಕಡ್ಡಿ ತೆಗೆಯುವುದು, ಕರಿಯದನ್ನು ಬೇರೆ ಮಾಡುವುದು ಕೆಲಸ. ಪದವಿಯ ಮೂರು ವರ್ಷವೂ ಸುಗ್ಗಿಯ ದಿನಗಳಲ್ಲಿ ಮುಂಜಾನೆ ಕಾಲೇಜು, ಮಧ್ಯಾಹ್ನ ಮಣೂಕ. ನನಗೆ ಕೆಲಸ ಕಲಿಸಿದವಳು ಗಂಗವ್ವಾಯಿ. ಸಾಲಿನಲ್ಲಿ ಎಲ್ಲರಿಗಿಂತ ಹಿರಿಯಳು, ಅಕ್ಷರ ಅರಿಯದವಳು, ಕಾಳಿನ ವಿಷಯದಲ್ಲಿ ಮಾತ್ರ ಮಹಾಪಂಡಿತೆ. "ಮ್ಯಾಲ ಬಂಗಾರದಂಗ ಇರತೈತಿ, ತೆಳಗ ಕೊಳತಿರತೈತಿ. ತಿರಿವಿ ನೋಡಬೇಕವ್ವಾ, ಒಂದೊಂದೂ ತಿರಿವಿ ನೋಡಬೇಕು" ಎಂದು ಆಕೆ ನನ್ನ ಬೆರಳನ್ನೇ ಹಿಡಿದು ತಿರುವಿಸಿದ್ದಳು.

ಸಂಗೀತದ ಖಾತೆ ಹುಸೇನಬಿ ಚಾಚಿಯದು. ಆಕೆಯ ಫೋನಿನಲ್ಲಿ ಹಾಡು. ಮೇಲೆ ಕಂಬಕ್ಕೆ ತೂಗುಹಾಕಿದ ಡಬ್ಬಿಯಂಥ ಪುಟ್ಟ ಸ್ಪೀಕರಿನಲ್ಲಿ ಸಪ್ಪಳ. ಹಾಡು ಹಚ್ಚುವ, ನಿಲ್ಲಿಸುವ ಗುಂಡಿಗಳು ಆ ಡಬ್ಬಿಗೂ ಇದ್ದವು. ನಗರದ ಅಂಗಡಿಯವನೊಬ್ಬ ಕಾರ್ಡಿನಲ್ಲಿ ತುಂಬಿಕೊಟ್ಟ ಹಾಡುಗಳು ಅವು. ಭಜನೆಯ ಬೆನ್ನಿಗೆ ಕವ್ವಾಲಿ, ಕವ್ವಾಲಿಯ ಬೆನ್ನಿಗೆ ಹಳೆಯ ಸಿನಿಮಾದ ವಿರಹ, ಅದರ ಬೆನ್ನಿಗೆ, ಯಾವ ಕರ್ಮಕ್ಕೋ, ಬೂದಿ ರೋಗದ ಜಾಹೀರಾತು. ಇದೇ ಸರದಿ ಮೂರು ವರ್ಷ ಬದಲಾಗಲಿಲ್ಲ. ನಾನು ಎದುರಿಗೆ ಕ್ರೇಟೊಂದನ್ನು ಬೋರಲು ಹಾಕಿ ಅದರ ಮೇಲೆ ನೋಟುಬುಕ್ಕು ನಿಲ್ಲಿಸಿ, ಒಂದು ಸಾಲು ಓದಿ, ಒಂದು ಹಿಡಿ ಆರಿಸಿ, ಓದಿದ್ದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಹೀಗಾಗಿ ನನ್ನ ತಲೆಯಲ್ಲಿ ಬೇಡಿಕೆಯ ನಿಯಮ ಭಜನೆಯ ತಾಳಕ್ಕೂ, ಬಡತನದ ಕಾರಣಗಳು ವಿರಹಗೀತೆಗೂ, ಬ್ಯಾಂಕುಗಳ ಕಾರ್ಯಗಳು ಬೂದಿ ರೋಗಕ್ಕೂ ಗಂಟುಬಿದ್ದವು. ಓದಿನ ಭರದಲ್ಲಿ ನನ್ನ ರಾಶಿಯಲ್ಲಿ ಕರಿ ಕಾಳು ಉಳಿದರೆ, ಗಂಗವ್ವಾಯಿ ನನಗೆ ಗೊತ್ತಾಗದಂತೆ ಕೈ ಚಾಚಿ ಅವನ್ನು ಹೆಕ್ಕುತ್ತಿದ್ದಳು. ನನಗೆ ಗೊತ್ತಾಗುತ್ತಿತ್ತು. ಗೊತ್ತಾಗದಂತೆ ನಾನೂ ಇರುತ್ತಿದ್ದೆ.

ಕೊನೆಯ ವರ್ಷ ಎಲ್ಲ ಪತ್ರಿಕೆ ದಾಟಿದೆ, ಅರ್ಥಶಾಸ್ತ್ರ ಒಂದರಲ್ಲಿ ಬಿದ್ದೆ. ನಮ್ಮ ಮನೆತನದಲ್ಲಿ ಹತ್ತನೆಯ ತರಗತಿಯ ಆಚೆ ಹೆಜ್ಜೆ ಇಟ್ಟವಳು ನಾನೊಬ್ಬಳೇ. ಅಪ್ಪ ಬೈಯಲಿಲ್ಲ. "ಇನ್ನೊಂದ ಸಲ ಕೂಡು. ಆತಂದ್ರ ಛಲೋ ಆತು. ಇಲ್ಲಂದ್ರ ಪುಸ್ತಕ ಕಟ್ಟಿ ಮ್ಯಾಲಿಡು, ಸಾಕು" ಅಂದ. ಬೈದಿದ್ದರೆ ಹಗುರಾಗುತ್ತಿದ್ದೆ.

ಶೆಡ್ಡಿನಲ್ಲಿ ಸುದ್ದಿ ಗೊತ್ತಾದಾಗ ಗಂಗವ್ವಾಯಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ನಮ್ಮಿಂದ ಕೆಟ್ಟಳವ್ವಾ ಆಕಿ. ಮಧ್ಯಾಹ್ನದಿಂದ ಹೊತ್ತ ಮುಳಗೂತನಾ ಈ ಡಬ್ಬಿ ಒದರಿಸ್ಕೋತ ಕುಂತ್ರ ಹುಡುಗಿ ಓದೂದ ಹೆಂಗ?"

ಹುಸೇನಬಿ ಚಾಚಿ ಎದ್ದು ಹೋಗಿ ಹಾಡು ನಿಲ್ಲಿಸಿದಳು. "ಅಲ್ಲಾನ ಆಣಿ, ಆಕಿ ಪರೀಕ್ಷಾ ಮುಗಿಯೂತನಾ ನಾ ಇದನ್ನ ಮುಟ್ಟಂಗಿಲ್ಲ."

ಈಗ ನಿಮಗೆ ನಿಜ ಹೇಳಬೇಕು. ನಾನು ಹಾಡಿನಿಂದ ನಪಾಸಾಗಿರಲಿಲ್ಲ. ಪ್ರಶ್ನೆಪತ್ರಿಕೆಯ ಒಂದು ಮಗ್ಗುಲಿನ ಪ್ರಶ್ನೆಗಳಿಗೆ ಲಗುಬಗೆಯಿಂದ ಉತ್ತರ ಬರೆದು, ಮೂರು ತಾಸಿನ ಪರೀಕ್ಷೆಯನ್ನು ಒಂದೂವರೆ ತಾಸಿಗೆ ಮುಗಿಸಿ, ಇನ್ನೂ ಬೆವರುತ್ತ ಬರೆಯುತ್ತಿದ್ದವರ ಕಡೆಗೆ ಕರುಣೆಯಿಂದ ನೋಡಿ, ಎದೆಯುಬ್ಬಿಸಿ ಹೊರಬಂದಿದ್ದೆ. ಹಾಳೆಯ ಹಿಂದೆಯೂ ಪ್ರಶ್ನೆಗಳಿದ್ದವು ಎಂದು ತಿಳಿದದ್ದು ಮನೆಗೆ ಬಂದ ಮೇಲೆ. ಇಂಥ ಮೂರ್ಖತನವನ್ನು ಯಾರ ಮುಂದೆ ಹೇಳಲಿ? ಅಪ್ಪನಿಗೂ ಹೇಳಿರಲಿಲ್ಲ. ಅಷ್ಟರಲ್ಲಿ ತಪ್ಪು ಹೊರಲು ಹಾಡು ತಾನಾಗಿ ಸಿಕ್ಕಿತು. ಹಾಡಿಗೆ ಬಾಯಿದೆ, ಆದರೆ ತನ್ನ ಪರವಾಗಿ ಮಾತಾಡಲು ಬರುವುದಿಲ್ಲ. ನಾನು ತಲೆ ತಗ್ಗಿಸಿ ಸುಮ್ಮನಿದ್ದೆ.

ಆಮೇಲಿನ ಮೂರು ವಾರಗಳ ಮೌನವನ್ನು ಹೇಗೆ ವರ್ಣಿಸಲಿ? ಹಾಡಿದ್ದಾಗ ಮಧ್ಯಾಹ್ನ ಜಾರಿಹೋಗುತ್ತಿತ್ತು. ಈಗ ಅದು ಕಾಲು ಮುರಿದ ಎತ್ತಿನಂತೆ ಅಲ್ಲೇ ಕುಳಿತುಬಿಟ್ಟಿತು. ಹೆಂಗಸರಿಗೆ ಊಟದ ನಂತರ ತೂಕಡಿಕೆ, ತೂಕಡಿಕೆ ತಪ್ಪಿಸಲು ಚಾಡಿ, ಚಾಡಿಯಿಂದ ಜಗಳ. ಜಗಳದಲ್ಲೂ ದನಿ ಏರಿದ ಕೂಡಲೇ ಯಾರೋ ಒಬ್ಬರು "ಶ್ಶ್, ಹುಡುಗಿ ಓದಾಕತ್ತೈತಿ" ಅನ್ನುವರು, ಬಯ್ಗುಳ ಅರ್ಧಕ್ಕೇ ನಿಲ್ಲುವುದು. ಗಂಗವ್ವಾಯಿಯ ಬೆರಳ ಗಂಟುಗಳು ನೋಯುತ್ತವೆಂದು ನನಗೆ ಗೊತ್ತಾದದ್ದೇ ಆ ದಿನಗಳಲ್ಲಿ; ಹಾಡು ಇದ್ದಾಗ ಆಕೆ ನರಳಿದ್ದನ್ನು ನಾನು ಕೇಳಿರಲಿಲ್ಲ. ಇಷ್ಟೆಲ್ಲ ತ್ಯಾಗ ಯಾರ ಓದಿಗಾಗಿಯೋ ಆ ನನಗೇ ಒಂದು ಅಕ್ಷರವೂ ಹತ್ತುತ್ತಿರಲಿಲ್ಲ! ಹತ್ತು ಜನ ನನಗಾಗಿ ಉಸಿರು ಬಿಗಿಹಿಡಿದು ಕುಳಿತಿದ್ದಾರೆ, ನಾನು ಬೇಡಿಕೆಯ ನಿಯಮದ ಮೊದಲ ಸಾಲಿನಲ್ಲೇ ನಿಂತಿದ್ದೇನೆ.

ಪರೀಕ್ಷೆಗೆ ಎಂಟು ದಿನ ಉಳಿದಾಗ ನನ್ನಿಂದ ತಡೆಯಲಾಗಲಿಲ್ಲ. ಕೈಯಲ್ಲಿದ್ದ ಕಾಳು ಕೆಳಗಿಟ್ಟೆ.

"ಚಾಚಿ, ನಾ ಹಾಡಿನಿಂದ ನಪಾಸಾಗಿಲ್ಲ. ಹಾಳಿ ಹಿಂದ ಇನ್ನೂ ಪ್ರಶ್ನೆ ಇದ್ದವು. ನಾ ತಿರಿವಿ ನೋಡಲೇ ಇಲ್ಲ. ಹಾಡ ಇಲ್ಲಂದ್ರ ನನಗ ಓದಾಕ ಆಗವಲ್ದು."

ಚಾಚಿಯ ಮುಖ ಮೊದಲು ಕೆಂಪಾಯಿತು. "ಮೂರ ವಾರ ಬೇ, ಮೂರ ವಾರ! ನಮ್ಮ ಕಿವಿಗೆ ಉಪವಾಸ ಹಾಕಿ ಸುಮ್ನ ಕುಂತಿದ್ಯಲ್ಲ, ಖೋಡಿ!"

ಗಂಗವ್ವಾಯಿಯ ಸಂಕಟವೇ ಬೇರೆ. "ಯವ್ವಾ, ಮೂರ ವರ್ಷ ಒಂದೊಂದ ಕಾಳೂ ತಿರಿವಿ ನೋಡಂತ ಕಲಿಸೇನಿ. ಒಂದ ಹಾಳಿ ತಿರಿವಲಿಲ್ಲಾ ನೀ?"

ಮೊದಲು ನಕ್ಕವರು ಯಾರೋ ತಿಳಿಯದು. ಆಮೇಲೆ ಇಡೀ ಸಾಲು ಬಿದ್ದು ಬಿದ್ದು ನಕ್ಕಿತು. ಹಾಡು ಹಚ್ಚು ಎಂದು ಎಲ್ಲರೂ ಗಂಟುಬಿದ್ದರೆ ಚಾಚಿ ತಲೆ ಅಲ್ಲಾಡಿಸಿದಳು. ಆಣೆ ಮಾಡಿಬಿಟ್ಟಿದ್ದಾಳೆ, ಪರೀಕ್ಷೆ ಮುಗಿದಿಲ್ಲ. ಗಂಗವ್ವಾಯಿ ಮೊಣಕಾಲು ಹಿಡಿದುಕೊಂಡು ಎದ್ದಳು. "ಆಣಿ ಮಾಡಿದಾಕಿ ನೀ. ನಾ ಏನ ಆಣಿ ಮಾಡೇನಿ?" ಎಂದು, ಜೀವಮಾನದಲ್ಲಿ ಆ ಡಬ್ಬಿಯನ್ನು ಮುಟ್ಟದಿದ್ದವಳು ಅದರ ಒಂದೊಂದೇ ಗುಂಡಿ ಒತ್ತುತ್ತ ಹೋದಳು. ನಾಲ್ಕನೆಯ ಗುಂಡಿಗೆ ಹಾಡು ಬಂತು. ಆ ಸಂಜೆಗೆ ನಾನು ಎರಡು ಅಧ್ಯಾಯ ದಾಟಿದ್ದೆ.

ಪರೀಕ್ಷೆಯ ಕೋಣೆಯಲ್ಲಿ ಹಾಡಿರಲಿಲ್ಲ; ಅದರ ಅಗತ್ಯವೂ ಬೀಳಲಿಲ್ಲ. ವಿರಹಗೀತೆಯನ್ನು ಒಳಗೊಳಗೇ ಹಚ್ಚಿಕೊಂಡರೆ ಬಡತನದ ಕಾರಣಗಳು ಸಾಲಾಗಿ ಬಂದು ನಿಂತವು. ಮೂರು ತಾಸು ಪೂರ್ತಿ ಬರೆದೆ.

ಫಲಿತಾಂಶ ಬಂದ ಮಧ್ಯಾಹ್ನ ನಾವು ಕೊನೆಯ ಮಾಲು ಆರಿಸುತ್ತಿದ್ದೆವು. ಗೆಳತಿಯೊಬ್ಬಳು ಕರೆ ಮಾಡಿ ರಿಸಲ್ಟ್ ಬಿಟ್ಟಿದ್ದಾರೆ ಅಂದಳು. ನನ್ನದು ಗುಂಡಿ ಒತ್ತುವ ಫೋನು. ನೋಡಬೇಕೆಂದರೆ ಚಾಚಿಯ ಫೋನೇ ಗತಿ. ಆಕೆ ಹಾಡು ನಿಲ್ಲಿಸಲು ಕೈ ಚಾಚಿದಳು. ಆಗ ನಡೆದಿದ್ದದ್ದು ಗಂಗವ್ವಾಯಿ ಕಣ್ಣು ಮುಚ್ಚಿ ಕೇಳುವ ಭಜನೆ.

"ಇರಲಿ ಚಾಚಿ, ಹಾಡು ಮುಗೀಲಿ" ಅಂದೆ.

ನನ್ನ ಆಯುಷ್ಯದಲ್ಲಿ ಅಷ್ಟು ಉದ್ದದ ಭಜನೆಯನ್ನು ನಾನು ಕೇಳಿಲ್ಲ. ಅಪ್ಪ ಕಟ್ಟಿ ಮೇಲಿಡು ಅಂದ ಪುಸ್ತಕಗಳು ಕಣ್ಣ ಮುಂದೆ ಬಂದು ಹೋದವು. ಆದರೂ ಅವಸರ ಮಾಡಲು ಮನಸ್ಸಾಗಲಿಲ್ಲ. ಕಿತ್ತುಕೊಂಡ ಮೂರು ವಾರಗಳ ಪೈಕಿ ನಾನು ಗಂಗವ್ವಾಯಿಗೆ ಹಿಂದಿರುಗಿಸಬಹುದಾದದ್ದು ಅದೊಂದೇ ಹಾಡು. ಮುಗಿಯಿತು. ಫೋನು ಕೈಗೆ ಬಂತು. ನಂಬರು ಒತ್ತಿದೆ. ಚಕ್ರ ತಿರುಗಿತು, ತಿರುಗಿತು, ಅಷ್ಟರಲ್ಲಿ ಮುಂದಿನ ಹಾಡು ತಾನೇ ಶುರುವಾಯಿತು.

"ಪಾಸಾದೆ" ಅಂದೆ.

"ಏನಂದಿ? ಈ ಗದ್ದಲದಾಗ ಕೇಳವಲ್ದು!" ಎಂದಳು ಗಂಗವ್ವಾಯಿ.

"ಪಾಸಾದೆ ಆಯೀ!" ಎಂದು ಕೂಗಿದೆ.

"ಮತ್ತ ಹಾಡ ಯಾಕ ಇಷ್ಟ ಸಣ್ಣಗ ಐತಿ? ಏರಸ್ಬೇ ಹುಸೇನಬಿ!"

ಆ ವರ್ಷ ನಿಮ್ಮ ಮನೆಯ ಪಾಯಸದ ದ್ರಾಕ್ಷಿಯಲ್ಲಿ ಕಡ್ಡಿಯೊಂದು ಹಲ್ಲಿಗೆ ಸಿಕ್ಕಿದ್ದರೆ ದಯವಿಟ್ಟು ಮನ್ನಿಸಿ. ಆ ಮಧ್ಯಾಹ್ನ ಟಿಕೋಟಾ ಕಡೆಯ ನಮ್ಮ ಶೆಡ್ಡಿನಲ್ಲಿ ಹತ್ತು ಹೆಂಗಸರು ಕಾಳು ನೋಡುವುದನ್ನು ಬಿಟ್ಟು ನನ್ನ ಮುಖ ನೋಡುತ್ತಿದ್ದರು.