ಟಿಶ್ಯೂ ಮೇಲಿನ ಹನಿಗಳು

ಮೂರನೇ ಪೈಪನ್ನೂ ಬಿಚ್ಚಿದ್ದಾಯಿತು ಗೆಳೆಯರೇ, ಅಲ್ಲೂ ಸೋರಿರಲಿಲ್ಲ. ಗುಬ್ಬಿ ಊರು ಬಿಟ್ಟು ಬಂದ ಮೇಲೆ ಸಿಕ್ಕ ಮೊದಲ ಆರ್ಡರ್ ಇದು. ಕುಣಿಗಲ್ಲಿನ ಮದುವೆ ವಿಡಿಯೊದವರಿಗೆ ನಾನು ಜೋಡಿಸಿ ನಾಳೆ ಕೊಡಬೇಕಾದ ಕಂಪ್ಯೂಟರ್. ಗಾಜಿನ ಪೆಟ್ಟಿಗೆ, ಒಳಗೆ ಬಣ್ಣದ ಲೈಟು, ಬಿಸಿ ತಣಿಸಲು ಪೈಪಿನಲ್ಲಿ ಓಡುವ ನೀರು. ಸೋರಿದರೆ ಗೊತ್ತಾಗಲೆಂದು ಕೆಳಗೆ ಟಿಶ್ಯೂ ಹಾಸಿ ಊಟಕ್ಕೆ ಹೋಗಿದ್ದೆ. ಬಂದು ನೋಡಿದರೆ ಟಿಶ್ಯೂ ಒದ್ದೆ.

ಬಟವಾಡಿಯ ನಮ್ಮ ಮನೆ ಓನರ್ ಅಜ್ಜಿ ಬಾಗಿಲಿಗೆ ಬಂದು, "ಯಾಕ್ಲಾ ಎಲ್ಲಾ ಕಿತ್ತಾಕ್ತಿದೀಯಾ?" ಅಂದರು.

"ಎಲ್ಲೋ ನೀರು ಸೋರ್ತಿದೆ ಕಣಜ್ಜಿ."

"ಸೋರಿಲ್ಲ ಬುಡು. ನೀನು ಪೂಜೆ ಮಾಡ್ದೇನೇ ಶುರು ಮಾಡ್ಬುಟ್ಟಿದ್ದೆ. ಮೊದಲ್ನೇದು, ಚೆನ್ನಾಗಾಗ್ಲಿ ಅಂತ ನೀನು ಊಟಕ್ಕೋದಾಗ ನಾನೇ ತೀರ್ಥ ಚಿಮುಕಿಸ್ದೆ."

ಈಗ ಎಲ್ಲವನ್ನೂ ಮತ್ತೆ ಜೋಡಿಸುತ್ತಿದ್ದೇನೆ, ಅದಕ್ಕೇ ನಿಮ್ಮ ಫೋನ್ ಎತ್ತುತ್ತಿಲ್ಲ. ನಾಳೆ ಒಂಬತ್ತಕ್ಕೆ ಅಜ್ಜಿ ಇದಕ್ಕೆ ಮಂಗಳಾರತಿ ಮಾಡುತ್ತಾರಂತೆ. ನೀವು ಹತ್ತು ಗಂಟೆಗೆ ಫೋನ್ ಮಾಡಿ.