ಕೋಳಿ ಬಿಟ್ಟು

ಗೆಳೆಯರೇ, ದ್ವಿತೀಯ ಪಿಯುಸಿ ಜೀವಶಾಸ್ತ್ರದ ಮಕ್ಕಳಿಗೆ ಗುರಿ ಬರೆದು ಮನೆಯವರ ಸಹಿ ತನ್ನಿ ಎಂದಿದ್ದೆ. ದೊಡ್ಡಉಳ್ಳಾರ್ತಿಯ ಹುಡುಗಿಯೊಬ್ಬಳು 'ಪಶುವೈದ್ಯೆ' ಎಂದು ಬರೆದಿದ್ದಳು. ಇಂದು ಸಹಿಯಿಲ್ಲದ ಆ ಹಾಳೆ ಹಿಡಿದು ಅವಳ ಅಪ್ಪನೇ ತರಗತಿಯ ಬಾಗಿಲಿಗೆ ಬಂದರು.

"ದನದ ಡಾಕ್ಟ್ರು ಕೋಳೀನೂ ಮುಟ್ಬೇಕಲ್ಲ ಸಾರ್? ನಮ್ಮ ಕುಲದಾಗೆ ಕೋಳಿ ಮುಟ್ಟಂಗಿಲ್ಲ. ಬ್ಯಾರೆ ಏನಾರ ಓದ್ಲಿ."

ಆಚಾರದ ವಿಷಯ, ನಾನು ಹುಡುಗಿಯ ಕಡೆ ನೋಡಿದೆ. ಮಗಳೇ ಎದ್ದು ನಿಂತಳು.

"ನಮ್ಮ ದೇವರಿಗೆ ಬಿಟ್ಟ ಎತ್ತಿಗೆ ಸೂಜಿ ಹಾಕಿದ ಡಾಕ್ಟ್ರು ಕೋಳಿ ಮುಟ್ಟಿರಲಿಲ್ವೇನಪ್ಪ? ಅವತ್ತು ಕೇಳಿದ್ಯಾ?"

ಅಪ್ಪ ನನ್ನ ಪೆನ್ನು ಕೇಳಿ ಪಡೆದು, ಅವಳ ಗುರಿಯ ಪಕ್ಕ 'ಕೋಳಿ ಬಿಟ್ಟು' ಎಂದು ಬರೆದು ಸಹಿ ಹಾಕಿದರು.

ಹಾಳೆಯನ್ನು ಹಾಗೆಯೇ ಫೈಲಿಗೆ ಸೇರಿಸಿದೆ. ಅವಳ ಮುಂದೆ ಮೊದಲ ಕೋಳಿ ಬರುವ ಹೊತ್ತಿಗೆ ನಾನು ನಿವೃತ್ತನಾಗಿರುತ್ತೇನೆ.